ನೆಲ ಡೊಂಕು: ಹಾಸುವ ಮುನ್ನ ಓದಿಕೊಳ್ಳಿ

ಈ ಕೈಪಿಡಿ ಯಾರಿಗೆ

ಇಂಗ್ಲೆಂಡಿನಲ್ಲಿ ನೂರು ವರ್ಷ ದಾಟಿದ ಸಾಲುಮನೆಯೊಂದನ್ನು ಸಾಲಮಾಡಿ ಕೊಂಡು, ಅದರ ಮುಂದಿನ ಕೋಣೆಗೆ ಮರದ ನೆಲವನ್ನು ತಾವೇ ಹಾಸುತ್ತೇವೆಂದು ಹೊರಟ ಕನ್ನಡಿಗರಿಗೆ. ಕೀಬೋರ್ಡಿಗಿಂತ ಭಾರದ ಹತಾರ ಎತ್ತಿ ಅಭ್ಯಾಸವಿಲ್ಲದವರಿಗೆ ವಿಶೇಷ ಸೌಲಭ್ಯವಿದೆ: ಅವರು ಎಚ್ಚರಿಕೆಗಳನ್ನು ಎರಡು ಸಲ ಓದಬಹುದು.

ಈ ವಿದ್ಯೆಯಲ್ಲಿ ನಮಗೆ ಅನುಭವವೇ ಇಲ್ಲವೆಂದು ಯಾರೂ ಕುಗ್ಗಬೇಕಿಲ್ಲ. ಬಡಗಿ ಮಂಡಿಯೂರಿ ಕೆಲಸ ಮಾಡುವಾಗ ಅವನ ಬೆನ್ನ ಹಿಂದೆ ಕೈಕಟ್ಟಿ ನಿಂತು, ಒಂದು ಕಣ್ಣು ಮುಚ್ಚಿ, "ಆ ಮೂಲ್ಯಾಗ ಸ್ವಲ್ಪ ಡೊಂಕ ಕಾಣತದಲ್ಲೋ" ಎನ್ನುವ ಕಲೆ ನಮ್ಮ ಎಷ್ಟೋ ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಇಳಿದು ಬಂದಿದೆ. ಈ ಕೈಪಿಡಿಕಾರನಿಗೂ ಬಂದಿದೆ. ತೊಂದರೆ ಏನೆಂದರೆ ಆ ಕಲೆ ನಡೆಯಬೇಕಾದರೆ ಮುಂದೆ ಒಬ್ಬ ಬಡಗಿ ಇರಬೇಕು. ಇಲ್ಲಿನ ಬಡಗಿ ಹೇಳಿದ ಕೂಲಿಯನ್ನು ಕೈಪಿಡಿಕಾರ ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿದ. ಗುಣಾಕಾರ ಮುಗಿಯುವ ಹೊತ್ತಿಗೆ ತಾನೇ ಬಡಗಿಯಾಗಿದ್ದ.

ಪದಗಳ ಅರ್ಥ

ನೆಲ: ಕನ್ನಡದಲ್ಲಿ ಭೂಮಿಗೂ ಮನೆಯ ತಳಕ್ಕೂ ಇರುವುದು ಇದೊಂದೇ ಪದ. ಇದು ಸಹಜ. ನಮ್ಮಲ್ಲಿ ಭೂಮಿಯನ್ನೇ ಧಮ್ಮಸ್ಸು ಮಾಡಿ, ಅದರ ಮೇಲೆ ಸೆಗಣಿ ಸಾರಿಸಿದರೆ, ಶಹಾಬಾದಿನ ಫರಸಿ ಕೂಡಿಸಿದರೆ, ಇಲ್ಲವೆ ಕೆಂಪು ಆಕ್ಸೈಡು ತಿಕ್ಕಿದರೆ ನೆಲವಾಯಿತು. ಇಂಗ್ಲೆಂಡಿನ ಹಳೆಯ ಮನೆಯಲ್ಲಿ ಭೂಮಿ ಬೇರೆ, ನೆಲ ಬೇರೆ. ಮಣ್ಣು ಅಡಿಯಲ್ಲಿ ತನ್ನ ಪಾಡಿಗೆ ತಾನು ತೇವ ಹಿಡಿದುಕೊಂಡು ಮಲಗಿರುತ್ತದೆ. ಅದರ ಮೇಲೆ ಗಿಡ್ಡ ಇಟ್ಟಿಗೆ ಗೋಡೆಗಳು, ಗೋಡೆಗಳ ಮೇಲೆ ಜಂತಿಗಳು, ಜಂತಿಗಳ ಮೇಲೆ ಹಲಗೆ. ನಡುವೆ ಗಾಳಿ. ಹಾಗಾಗಿ ಇಲ್ಲಿ 'ನೆಲ ಬಿಟ್ಟು ಮೇಲೆ ನಡೆಯುವವನು' ಎಂದು ಯಾರನ್ನಾದರೂ ಬೈಯುವಂತಿಲ್ಲ. ಎಲ್ಲರೂ ಹಾಗೆಯೇ ನಡೆಯುವುದು.

ಜಂತಿ: ಗದಗ, ಧಾರವಾಡ, ವಿಜಯಪುರದ ಕಡೆಯ ಮಾಳಿಗೆ ಮನೆಗಳಲ್ಲಿ ತೊಲೆಗಳ ಮೇಲೆ ಸಾಲಾಗಿ ಕೂಡಿಸಿದ, ಮೇಲಿನ ಮಣ್ಣಿನ ಭಾರ ಹೊರುವ ಮರ. ಕೆಲಸವಿಲ್ಲದವನು ಅಂಗಾತ ಮಲಗಿ ಮಾಡುವ ಕೆಲಸಕ್ಕೆ 'ಜಂತಿ ಎಣಿಸುವುದು' ಎಂದು ಹೆಸರು. ಇಲ್ಲಿಯೂ ಅದೇ ಜಂತಿ. ಆದರೆ ಕಾಲಡಿಯಲ್ಲೂ ಇರುವುದರಿಂದ ಎಣಿಸಲು ಬೋರಲು ಮಲಗಬೇಕು. ಹೀಗೆ ಎಣಿಸುವುದು ಮಾತ್ರ ಕೆಲಸವೆಂದೇ ಲೆಕ್ಕ.

ಎಂಜಿನಿಯರ್ಡ್ ಮರ: ನಮ್ಮ ಕಡೆ ಮನೆಗೊಬ್ಬ ಎಂಜಿನಿಯರ್ ಆದ ಮೇಲೆ ಮರವೊಂದು ಯಾಕೆ ಹಿಂದುಳಿಯಬೇಕು? ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ನಿಜವಾದ ಓಕ್, ಅಡಿಯಲ್ಲಿ ಪ್ಲೈವುಡ್. ಮೋಸವೆನ್ನಬೇಡಿ, ಇದರಲ್ಲಿ ಯುಕ್ತಿಯಿದೆ. ಮರ ತೇವ ಕುಡಿದಾಗ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನ ಪದರದ್ದು ಅಡ್ಡಕ್ಕೆ. ಒಬ್ಬ ಹಿಗ್ಗಲು ಹೊರಟರೆ ಇನ್ನೊಬ್ಬ ತಡೆಯುತ್ತಾನೆ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಬೇಕಾಗುವ ಸಾಮಾನು

ಹಲಗೆ. 4 ಮೀಟರ್ ಉದ್ದ, 3.5 ಮೀಟರ್ ಅಗಲದ ಕೋಣೆಯೆಂದರೆ 14 ಚದರ ಮೀಟರ್. ತಪ್ಪು ಕತ್ತರಿಸುವುದಕ್ಕೆಂದು ನೂರಕ್ಕೆ ಹತ್ತು ಹೆಚ್ಚು ಸೇರಿಸಿದರೆ 15.4. ಈ ಹೆಚ್ಚಳ ಬಡಗಿಗೆ ಸಾಕು, ನಿಮಗಲ್ಲ.

ಹಲಗೆಯ ದಪ್ಪವನ್ನು ಮರೆಯಬೇಡಿ. ಕೈಪಿಡಿಯ ಈ ಒಂದು ಸಾಲನ್ನಾದರೂ ನಗದೆ ಓದಿ. ಜಂತಿಯಿಂದ ಜಂತಿಗೆ ನಡುವೆ ಆಸರೆಯಿಲ್ಲದೆ ನಿಲ್ಲಬೇಕಾದ ಹಲಗೆ ಸುಮಾರು 20 ಮಿ.ಮೀ. ದಪ್ಪವಿರಬೇಕು, ಜಂತಿಗಳ ನಡುಮಧ್ಯದ ಅಂತರ 400 ಮಿ.ಮೀ. ಮೀರಬಾರದು, ಮತ್ತು ಜಂತಿಯ ಮೇಲೆ ನೇರವಾಗಿ ಹಾಸಬಹುದೆಂದು ತಯಾರಕರೇ ಬರೆದಿರಬೇಕು. ಅಗ್ಗಕ್ಕೆ ಸಿಗುವ 14 ಮಿ.ಮೀ. ಹಲಗೆಗೆ ಅಡಿಯಲ್ಲಿ ಪ್ಲೈವುಡ್ಡೋ ಚಿಪ್‌ಬೋರ್ಡೋ ಹಾಸಲೇಬೇಕು. ಇಲ್ಲದಿದ್ದರೆ ಸೋಫಾದ ಮೇಲೆ ಕೂತ ಬೀಗರು ಒಂದು ದಿನ ಸೋಫಾ ಸಮೇತ ಒಂದು ಮೆಟ್ಟಿಲು ಕೆಳಗಿರುತ್ತಾರೆ.

ಗರಗಸ, ಸುತ್ತಿಗೆ, ಮೂಲೆಮಟ್ಟ, ರಸಮಟ್ಟ, ಟೇಪು, ದಾರ, ಪೆನ್ಸಿಲ್ಲು. ಪೆನ್ಸಿಲ್ಲು ಹನ್ನೆರಡು ಇರಲಿ. ಹನ್ನೊಂದು ಜಂತಿಗಳ ನಡುವೆ ಬೀಳುತ್ತವೆ, ಹನ್ನೆರಡನೆಯದು ನಿಮ್ಮ ಕಿವಿಯ ಮೇಲೆ ಇದ್ದರೂ ನಿಮಗೆ ಸಿಗುವುದಿಲ್ಲ.

ಮೊಳೆ ಹೊಡೆಯುವ ಯಂತ್ರ. ಬಾಡಿಗೆಗೆ ಸಿಗುತ್ತದೆ. ಹಲಗೆಯ ಅಂಚಿಗೆ ಒರಗಿಸಿ, ತಲೆಯ ಮೇಲೆ ದಪ್ಪ ಸುತ್ತಿಗೆಯಿಂದ ಕುಟ್ಟಿದರೆ 45 ಡಿಗ್ರಿ ಓರೆಯಲ್ಲಿ ಮೊಳೆ ಇಳಿಯುತ್ತದೆ.

ಮಂಡಿಗೆ ಕಟ್ಟಿಕೊಳ್ಳುವ ಮೆತ್ತೆ. ಊಟಕ್ಕೂ ಬರೆಹಕ್ಕೂ ಪದ್ಮಾಸನ ಹಾಕಿದವರ ಮೊಮ್ಮಕ್ಕಳು ನಾವು, ನೆಲದ ಮೇಲೆ ಕೂರುವುದೇನು ದೊಡ್ಡದು ಎಂದು ಇದನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ವಾಡಿಕೆ. ಎರಡನೆಯ ದಿನ ಬೆಳಿಗ್ಗೆ ತರಲು ಹೋಗುವುದೂ ವಾಡಿಕೆ. ಆಗ ಕಾರಿನಿಂದ ಇಳಿಯುವುದೊಂದೇ ಕಷ್ಟ.

ಎಚ್ಚರಿಕೆಗಳು

ಒಂದು. ಹಲಗೆ ಕಿತ್ತ ಮೇಲೆ ಜಂತಿಯ ಮೇಲೆ ಮಾತ್ರ ಕಾಲಿಡಿ. ಮೇಲಂತಸ್ತಿನಲ್ಲಾದರೆ ಜಂತಿಗಳ ನಡುವೆ ಇರುವುದು ಕೆಳಮನೆಯ ತೆಳುವಾದ ಗಾರೆಯ ಚಾವಣಿ ಮಾತ್ರ. ಅಲ್ಲಿ ಕಾಲಿಟ್ಟರೆ ಕೆಳಗೆ ಚಹಾ ಕುಡಿಯುತ್ತಿರುವವರಿಗೆ ನಿಮ್ಮ ಮೊಣಕಾಲಿನ ದರ್ಶನವಾಗುತ್ತದೆ. ಕೆಳಮನೆಯಲ್ಲಾದರೆ ಮಣ್ಣಿಗೆ ಬೀಳುತ್ತೀರಿ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಮಾತು ಇಲ್ಲಿ ನಡೆಯದು. ಕೈಪಿಡಿಕಾರನ ಮೀಸೆಗೆ ಹತ್ತಿದ ಮಣ್ಣು ವಿಕ್ಟೋರಿಯಾ ರಾಣಿಯ ಕಾಲದ್ದು.

ಎರಡು. ಜಂತಿಗಳ ತಲೆಯಲ್ಲಿ ಕಚ್ಚು ಹೊಡೆದು ಹೀಟರಿನ ತಾಮ್ರದ ಕೊಳವೆ, ಕೆಲವೊಮ್ಮೆ ಗ್ಯಾಸಿನ ಕೊಳವೆ, ವಿದ್ಯುತ್ ತಂತಿ ಎಲ್ಲವನ್ನೂ ಹಾಯಿಸಿರುತ್ತಾರೆ. ನಿಮ್ಮ ಮೊಳೆ ಅವುಗಳನ್ನು ಹುಡುಕಿಕೊಂಡು ಹೋಗುತ್ತದೆ. ಹಲಗೆ ಮುಚ್ಚುವ ಮೊದಲು ಪ್ರತಿ ಕೊಳವೆಯ ಜಾಗವನ್ನು ಫೋಟೋ ತೆಗೆದು, ಗೋಡೆಯ ಮೇಲೆ ಗುರುತು ಹಾಕಿ.

ಮೂರು. ಕೊಳವೆಗೆ ದಾರಿ ಮಾಡಲು ನೀವೂ ಒಂದು ಕಚ್ಚು ಹೊಡೆಯುವ ಮನಸ್ಸಾದರೆ ತಡೆಯಿರಿ. ಕಚ್ಚಿನ ಆಳ ಜಂತಿಯ ಎತ್ತರದ ಎಂಟನೆಯ ಒಂದು ಭಾಗ ಮೀರಬಾರದು, ಜಂತಿಯ ನಡುಭಾಗದಲ್ಲಿ ಇರಲೇಬಾರದು. ಭಾರ ಹೊರುವವನ ಸೊಂಟಕ್ಕೆ ಗರಗಸ ಹಾಕಬಾರದೆಂಬುದು ಇದರ ಸಾರ.

ಹಂತ 1: ಹಳೆಯ ಹಲಗೆ ಕೀಳುವುದು

ಹಳೆಯ ಹಲಗೆಗಳು ಗಟ್ಟಿಮುಟ್ಟಾಗಿ, ಮಟ್ಟಸವಾಗಿ ಇದ್ದರೆ ಕೀಳುವ ಅಗತ್ಯವೇ ಇಲ್ಲ. ಅವುಗಳ ಮೇಲೇ ಅಡ್ಡಲಾಗಿ ಹೊಸ ಹಲಗೆ ಹಾಸಬಹುದು. ವಿವೇಕಿಗಳ ಪಾಲಿಗೆ ಕೈಪಿಡಿ ಇಲ್ಲಿಗೆ ಅರ್ಧ ಮುಗಿಯಿತು.

ಉಳಿದವರು ಮುಂದುವರಿಯಿರಿ. ನಿಮ್ಮ ಹಲಗೆಗಳನ್ನು ಹಿಂದಿನವರು ಕೊಳವೆಗೊಮ್ಮೆ, ತಂತಿಗೊಮ್ಮೆ ಕೊಯ್ದು ತೇಪೆ ಹಾಕಿರುತ್ತಾರೆ. ಚಳಿಗಾಲದಲ್ಲಿ ಸಂದಿನಿಂದ ಬೀಸುವ ಗಾಳಿಗೆ ಕೋಣೆಯ ಪರದೆ ಅಲುಗುತ್ತಿರುತ್ತದೆ. ಕೀಳಿ. ಹಳೆಯ ಚಪ್ಪಟೆ ಮೊಳೆಗಳು ಕಿತ್ತು ಬರುವಾಗ ಮಾಡುವ ಸದ್ದಿಗೆ ಹೆದರಬೇಡಿ. ಪಕ್ಕದ ಮನೆಯವರು ಹೆದರುತ್ತಾರೆ, ಅವರಿಗೆ ಮೊದಲೇ ಹೇಳಿಡಿ.

ಅಡಿಯಲ್ಲಿ ಏನೇನೋ ಸಿಗುತ್ತದೆ: ಇಟ್ಟಿಗೆಯ ಚೂರು, ಗೋಲಿ, ಪುಡಿಯಾಗುವ ಪತ್ರಿಕೆಯ ತುಂಡು. ಕೈಪಿಡಿಕಾರನಿಗೆ ಕಿಟಕಿಯ ಪಕ್ಕದ ಜಂತಿಯ ಮಗ್ಗುಲಲ್ಲಿ ಪೆನ್ಸಿಲ್ಲಿನ ಬರೆಹವೊಂದು ಕಂಡಿತು. ಅಡಿ, ಅಂಗುಲದ ಒಂದು ಅಳತೆ, ಅದರಡಿ ಒಂದು ಗೆರೆ. ಹೆಸರಿಲ್ಲ. ಬರೆದವನು ಬಹುಶಃ ಅದನ್ನು ಹತ್ತು ನಿಮಿಷ ನೆನಪಿಡಬೇಕಿತ್ತು ಅಷ್ಟೆ. ಈ ಸಂಗತಿಗೂ ನೆಲ ಹಾಸುವುದಕ್ಕೂ ಸದ್ಯಕ್ಕೆ ಸಂಬಂಧವಿಲ್ಲ. ಮುಂದಿನ ಹಂತಕ್ಕೆ ಹೋಗಿ.

ಹಂತ 2: ನುಸಿ, ಕೊಳೆ ಮತ್ತು ಗಾಳಿ

ಒಂದು ಮೊನಚಾದ ಉಳಿಯಿಂದ ಜಂತಿಗಳನ್ನು, ವಿಶೇಷವಾಗಿ ಗೋಡೆ ಸೇರುವ ತುದಿಗಳನ್ನು ತಿವಿದು ನೋಡಿ. ಗಟ್ಟಿ ಮರ ಉಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಕೊಳೆತ ಮರ ಬೆಣ್ಣೆಯಂತೆ ಒಳಗೆ ಬಿಟ್ಟುಕೊಳ್ಳುತ್ತದೆ. ಒಂದೂವರೆ, ಎರಡು ಮಿ.ಮೀ. ಅಗಲದ ದುಂಡು ತೂತುಗಳು ಕಂಡರೆ ಅದು ನುಸಿ. ತೂತಿನ ಕೆಳಗೆ ಹೊಸ ಪುಡಿ ಉದುರಿದ್ದರೆ ನುಸಿ ಇನ್ನೂ ಮನೆಯಲ್ಲೇ ಇದೆ, ಪುಡಿಯಿಲ್ಲದಿದ್ದರೆ ಮನೆ ಖಾಲಿ ಮಾಡಿ ಹೋಗಿರಲೂಬಹುದು.

ಆಮೇಲೆ ಹೊರಗೆ ಹೋಗಿ, ಗೋಡೆಯ ಬುಡದಲ್ಲಿರುವ ತೂತಿನ ಇಟ್ಟಿಗೆಗಳನ್ನು ನೋಡಿ. ಗಾಳಿ ಮುಂದಿನಿಂದ ಒಳಹೊಕ್ಕು, ಜಂತಿಗಳ ಕೆಳಗೆ ಸುಳಿದು, ತೇವವನ್ನು ಹೊತ್ತುಕೊಂಡು ಹಿಂದಿನಿಂದ ಹೊರಬೀಳಲಿ ಎಂದು ಕಟ್ಟಿದವರು ಮಾಡಿದ ಏರ್ಪಾಟು ಇದು. ಚಳಿಯಾಗುತ್ತದೆಂದು ಯಾರೋ ಪುಣ್ಯಾತ್ಮರು ಅದಕ್ಕೆ ಬಟ್ಟೆ ತುರುಕಿರುತ್ತಾರೆ. ತೆಗೆಯಿರಿ. ಈ ಮನೆಗಳು ನೂರು ವರ್ಷ ಬಾಳಿದ್ದು ಆ ತೂತುಗಳಿಂದ. ಇಂದಿನ ಕಟ್ಟಡ ನಿಯಮಗಳೂ ಮರದ ಅಡಿಯಲ್ಲಿ ಕನಿಷ್ಠ 150 ಮಿ.ಮೀ. ಗಾಳಿಯಾಡುವ ಜಾಗ ಕೇಳುತ್ತವೆ.

ಚಳಿಯ ಪರಿಹಾರ ಬೇರೆ ಇದೆ. ಜಂತಿಗಳ ನಡುವೆ ಜೋಳಿಗೆಯಂತೆ ಬಲೆ ಕಟ್ಟಿ, ಅದರಲ್ಲಿ ಖನಿಜ ಉಣ್ಣೆಯನ್ನು ಹಲಗೆಯ ತಳಕ್ಕೆ ತಾಗುವಂತೆ ತುಂಬಬೇಕು. ಬಲೆಯ ಕೆಳಗೆ ಗಾಳಿ ಎಂದಿನಂತೆ ಓಡಾಡಲಿ. ಉಣ್ಣೆಯ ನವೆ ಮೂರು ದಿನ ಇರುತ್ತದೆ. ಹಳೆಯ ಅಂಗಿ, ಉದ್ದ ತೋಳು, ಮುಖಗವಸು ಬಳಸಿ.

ಹಂತ 3: ಹಲಗೆಗೆ ಮನೆ ತೋರಿಸುವುದು

ಹೊಸ ಸೊಸೆಯನ್ನು ಬಂದ ದಿನವೇ ಒಲೆ ಮುಂದೆ ಕೂಡಿಸುವವರು ಉಂಟು. ಹಲಗೆಗೆ ಹಾಗೆ ಮಾಡುವಂತಿಲ್ಲ. ಹಾಸುವ ಕೋಣೆಯಲ್ಲೇ, ಚಪ್ಪಟೆಯಾಗಿ, ಸಾಮಾನ್ಯವಾಗಿ 48ರಿಂದ 72 ಗಂಟೆ ಮಲಗಿಸಿಡಬೇಕು. ಹೀಟರು ಎಂದಿನಂತೆ ಉರಿಯಲಿ. ಕೋಣೆಯ ಗಾಳಿಯ ತೇವ ನೂರಕ್ಕೆ 40ರಿಂದ 60ರ ನಡುವೆ ಇದ್ದರೆ ಚೆಂದ. ಕಟ್ಟು ಬಿಚ್ಚಬೇಕೋ ಮುಚ್ಚಿಯೇ ಇಡಬೇಕೋ ಎಂಬುದನ್ನು ತಯಾರಕರ ಚೀಟಿ ಹೇಳುತ್ತದೆ. ಆ ಚೀಟಿ ಕಟ್ಟಿನ ಒಳಗೆ ಇರುತ್ತದೆ.

ಹಂತ 4: ಮಟ್ಟ

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಮಾಡಿದವರು ಇಂಗ್ಲೆಂಡಿನ ಹಳೆಯ ಮನೆ ನೋಡಿರಲಿಲ್ಲ. ಇಲ್ಲಿ ನೆಲ ನಿಜವಾಗಿಯೂ ಡೊಂಕು. ನೂರು ವರ್ಷದಲ್ಲಿ ಒಂದು ಜಂತಿ ನಡು ಬಾಗಿಸಿದೆ, ಇನ್ನೊಂದು ಬೆನ್ನು ಎತ್ತಿದೆ, ಮೂರನೆಯದು ಗೋಡೆಯ ಜೊತೆ ಕುಸಿದಿದೆ.

ಗೋಡೆಯಿಂದ ಗೋಡೆಗೆ ದಾರ ಬಿಗಿಯಿರಿ. ಎಲ್ಲಕ್ಕಿಂತ ಎತ್ತರದ ಜಂತಿಯನ್ನು ಹುಡುಕಿ. ಇನ್ನುಳಿದವು ಅದರ ಮಟ್ಟಕ್ಕೆ ಏರಬೇಕು. ತಗ್ಗಿದ್ದಲ್ಲಿ ಚಕ್ಕೆ ಇಟ್ಟು, ಅಂಟು ಹಾಕಿ, ಮೊಳೆ ಹೊಡೆಯಿರಿ. ತೀರ ಬಾಗಿದ ಜಂತಿಯ ಮಗ್ಗುಲಿಗೆ ಹೊಸ ಮರವೊಂದನ್ನು ಬೋಲ್ಟಿನಿಂದ ಜೋಡಿಸಿ. ಬೆನ್ನೆತ್ತಿದ್ದನ್ನು ಕೀಸುಳಿಯಿಂದ ಹೆರೆಯಿರಿ. ಎರಡು ಮೀಟರಿನ ನೇರ ಪಟ್ಟಿಯೊಂದನ್ನು ಯಾವ ಕಡೆ ಇಟ್ಟರೂ ಅಡಿಯಲ್ಲಿ ಮೂರು ಮಿ.ಮೀ.ಗಿಂತ ಹೆಚ್ಚು ಬೆಳಕು ಕಾಣದಿದ್ದರೆ ಗೆದ್ದಿರಿ.

ಇಡೀ ಕೆಲಸದ ಅರ್ಧ ಸಮಯ ಇಲ್ಲೇ ಹೋಗುತ್ತದೆ, ಮತ್ತು ಇದರಲ್ಲಿ ಒಂದಿಷ್ಟೂ ಮುಂದೆ ಯಾರಿಗೂ ಕಾಣುವುದಿಲ್ಲ. ಮೂರನೆಯ ದಿನ ಸಂಜೆ ಕೋಣೆ ಮೊದಲ ದಿನಕ್ಕಿಂತ ಹಾಳಾಗಿ ಕಾಣುತ್ತದೆ. ಆಗ ಬಾಗಿಲಲ್ಲಿ ನಿಂತ ಹೆಂಡತಿ "ರೀ, ಮೂರು ದಿನದಿಂದ ಏನ ಮಾಡಾಕತ್ತೀರಿ?" ಎಂದು ಕೇಳಿದರೆ, ಅದು ಪ್ರಶ್ನೆಯೇ ಹೊರತು ಟೀಕೆಯಲ್ಲವೆಂದು ತಿಳಿಯಿರಿ.

ಇದೇ ಹಂತದಲ್ಲಿ ಕೈಪಿಡಿಕಾರ ಜಂತಿಯೊಂದರ ಮೇಲೆ ಕೂತು ಬಸವ ಜಯಂತಿಯನ್ನು ನೆನೆದ. ಲಂಡನ್ನಿನಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ 2015ರಲ್ಲಿ ಬಸವಣ್ಣನವರ ಪ್ರತಿಮೆ ಬಂದ ಮೇಲೆ, ಇಲ್ಲಿನ ಕನ್ನಡಿಗರಿಗೆ ಕಾಯಕದ ಬಗ್ಗೆ ಮಾತನಾಡಲು ಒಂದು ಒಳ್ಳೆಯ ಜಾಗ ಸಿಕ್ಕಿದೆ. ಕೈಪಿಡಿಕಾರನೂ ಒಂದು ಸಮಾರಂಭದಲ್ಲಿ ಕಾಯಕತತ್ವದ ಕುರಿತು ಹನ್ನೆರಡು ನಿಮಿಷ ಮಾತನಾಡಿದ್ದ. ಬಡಗಿಯ ಬಾಚಿಯನ್ನೇ ಕಾಯಕ ಮಾಡಿಕೊಂಡ ಶರಣ ಬಸವಯ್ಯನನ್ನೂ ಉದಾಹರಿಸಿದ್ದ. ಚಪ್ಪಾಳೆ ಬಿದ್ದಿತ್ತು. ಆವರೆಗೂ ಅವನು ಬಾಚಿ ಹಿಡಿದಿರಲಿಲ್ಲ, ಈಗಲೂ ಹಿಡಿದಿಲ್ಲ. ಆದರೆ ಒಂದು ಜಂತಿಯನ್ನು ನಾಲ್ಕು ಮಿ.ಮೀ. ಏರಿಸಲು ಒಂದು ಮಧ್ಯಾಹ್ನ ಬೇಕಾಗುತ್ತದೆಂದು ತಿಳಿದ ಮೇಲೆ, ಆ ಭಾಷಣ ಎರಡು ನಿಮಿಷಕ್ಕೆ ಇಳಿಯಬಹುದಿತ್ತು ಎನಿಸಿತು.

ಹಂತ 5: ದಿಕ್ಕು ಮತ್ತು ಲೆಕ್ಕ

ಹಲಗೆಗಳು ಜಂತಿಗೆ ಅಡ್ಡಲಾಗಿಯೇ ಹೋಗಬೇಕು. ವಾಸ್ತು, ಕಿಟಕಿಯ ಬೆಳಕು, ಮನೆಯವರ ಇಷ್ಟ ಯಾವುದೂ ಇಲ್ಲಿ ನಡೆಯದು. ದಿಕ್ಕನ್ನು ಜಂತಿ ಹಾಕಿದವನು ನೂರು ವರ್ಷದ ಹಿಂದೆಯೇ ಗೊತ್ತುಮಾಡಿ ಹೋಗಿದ್ದಾನೆ. ಅವನು ಅಂಗುಲದಲ್ಲಿ ಅಳೆದ. 16 ಅಂಗುಲವೆಂದರೆ 406 ಮಿ.ಮೀ. ಹಲಗೆ ಮಿಲಿಮೀಟರಿನಲ್ಲಿ ಬರುತ್ತದೆ. ನಿಮ್ಮ ಮನಸ್ಸು ಅಡಿಯಲ್ಲಿ ಅಂದಾಜು ಮಾಡುತ್ತದೆ, ಕೈ ಗೇಣು ಹಾಕುತ್ತದೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ. ಜಂತಿಗಳ ಅಂತರವನ್ನು ಒಂದೊಂದಾಗಿ ಅಳೆಯಿರಿ, ಏಕೆಂದರೆ ಅವನು ಎಲ್ಲ ಕಡೆಯೂ 16 ಹಿಡಿದಿರುವುದಿಲ್ಲ. 400ಕ್ಕಿಂತ ಅಗಲವಾದ ಕಡೆ ನಡುವೆ ಇನ್ನೊಂದು ಜಂತಿ ಸೇರಿಸಿ, ಅಥವಾ ತಯಾರಕರು ಎಷ್ಟರವರೆಗೆ ಒಪ್ಪುತ್ತಾರೆಂದು ಕೇಳಿ.

ಈಗ ಲೆಕ್ಕ. ಕೋಣೆಯ ಅಗಲ 3500 ಮಿ.ಮೀ. ಎರಡೂ ಗೋಡೆಯ ಪಕ್ಕ 12 ಮಿ.ಮೀ. ಜಾಗ ಬಿಟ್ಟರೆ 3476. ಹಲಗೆಯ ಅಗಲ 190. ಭಾಗಿಸಿದರೆ 18 ಪೂರ್ತಿ ಸಾಲು, ಕೊನೆಗೆ 56 ಮಿ.ಮೀ. ಉಳಿಕೆ. ಅಷ್ಟು ಸಪೂರ ಪಟ್ಟಿ ಅಂದವಲ್ಲ, ಮೊಳೆಗೆ ಸೀಳುತ್ತದೆ ಕೂಡ. ಆದ್ದರಿಂದ ಒಂದು ಪೂರ್ತಿ ಹಲಗೆಯನ್ನು ಉಳಿಕೆಗೆ ಸೇರಿಸಿ ಎರಡರಿಂದ ಭಾಗಿಸಿ: 123. ಮೊದಲ ಸಾಲೂ ಕೊನೆಯ ಸಾಲೂ 123 ಮಿ.ಮೀ. ಆಗುವಂತೆ ಸೀಳಿದರೆ ನಡುವೆ 17 ಪೂರ್ತಿ ಸಾಲುಗಳು ಸರಿಯಾಗಿ ಕೂರುತ್ತವೆ. ಎಂಜಿನಿಯರಿಂಗ್ ಓದಿದ ಕೈಪಿಡಿಕಾರ ಈ ಲೆಕ್ಕವನ್ನು ಹದಿನೆಂಟನೆಯ ಸಾಲು ಹಾಕಿದ ಮೇಲೆ ಮಾಡಿದ.

ಹಂತ 6: ಮೊದಲ ಸಾಲು

ಗೋಡೆಯನ್ನು ನಂಬಬೇಡಿ, ಅದೂ ಡೊಂಕು. ದಾರವನ್ನು ನಂಬಿ. ಗೋಡೆಗೂ ಹಲಗೆಗೂ ನಡುವೆ 12 ಮಿ.ಮೀ. ಬೆಣೆ ಇಟ್ಟು ಜಾಗ ಬಿಡಿ. ಗೋಡೆಯಿಂದ ಗೋಡೆಗೆ ಫರಸಿ ಹಾಸಿದ ನಮಗೆ ಇದು ಸೈಟಿನಲ್ಲಿ ಕಾನೂನಿನ ಪ್ರಕಾರ ಜಾಗ ಬಿಟ್ಟು ಮನೆ ಕಟ್ಟಿದಷ್ಟೇ ಕಷ್ಟ. ಆದರೆ ಇಲ್ಲಿ ಅಧಿಕಾರಿಗಿಂತ ಗಟ್ಟಿಯವನೊಬ್ಬ ಬಂದು ನೋಡುತ್ತಾನೆ: ತೇವ. ಜಾಗವಿಲ್ಲದಿದ್ದರೆ ಉಬ್ಬಿದ ನೆಲ ಕೋಣೆಯ ನಡುವೆ ಗುಡಾರದಂತೆ ಎದ್ದು ನಿಲ್ಲುತ್ತದೆ. ಬಿಟ್ಟ ಜಾಗ ಆಮೇಲೆ ಸ್ಕರ್ಟಿಂಗ್ ಪಟ್ಟಿಯ ಅಡಿಯಲ್ಲಿ ಅಡಗುತ್ತದೆ.

ಗೋಡೆಯ ಪಕ್ಕ ಯಂತ್ರ ಹಿಡಿಸುವುದಿಲ್ಲ. ಮೊದಲ ಸಾಲಿಗೆ, ಪಟ್ಟಿ ಮುಚ್ಚುವ ಅಂಚಿನಲ್ಲಿ ನೇರವಾಗಿ ತೂತು ಕೊರೆದು ಸ್ಕ್ರೂ ಹಾಕಿ.

ಹಂತ 7: ಮುಂದಿನ ಸಾಲುಗಳು

ಹಲಗೆಯ ಒಂದು ಮಗ್ಗುಲಲ್ಲಿ ನಾಲಿಗೆ, ಇನ್ನೊಂದರಲ್ಲಿ ತೋಡು. ನಾಲಿಗೆಯ ಬುಡದಲ್ಲಿ ಓರೆಯಾಗಿ ಮೊಳೆ ಹೊಡೆದರೆ ಮುಂದಿನ ಹಲಗೆಯ ತೋಡು ಬಂದು ಅದನ್ನು ಮುಚ್ಚುತ್ತದೆ. ನಮ್ಮ ಮದುವೆ ಮಾತುಕತೆಯ ಹಾಗೆ: ಎಲ್ಲ ಬಿಗಿದಿರುತ್ತದೆ, ಮೊಳೆ ಎಲ್ಲಿದೆಯೆಂದು ಮಾತ್ರ ಯಾರಿಗೂ ಕಾಣುವುದಿಲ್ಲ. ಪ್ರತಿ ಜಂತಿಗೂ ಒಂದು ಮೊಳೆ, ತಪ್ಪದೆ. ಹಲಗೆಯನ್ನು ಸುತ್ತಿಗೆಯಿಂದ ನೇರವಾಗಿ ಬಡಿಯಬೇಡಿ, ನಾಲಿಗೆ ಮುರಿಯುತ್ತದೆ. ನಡುವೆ ಒಂದು ಮರದ ತುಂಡು ಇಟ್ಟು ಬಡಿಯಿರಿ.

ಹಲಗೆಯ ತುದಿಗಳು ಜಂತಿಯ ನಡುಮಧ್ಯಕ್ಕೆ ಬಂದು ಸೇರಬೇಕು. 50 ಮಿ.ಮೀ. ಅಗಲದ ಜಂತಿಯಲ್ಲಿ ಒಬ್ಬೊಬ್ಬರಿಗೆ 25. ಅಣ್ಣತಮ್ಮಂದಿರ ಪಾಲು, ಒಂದು ಮಿಲಿಮೀಟರಿಗೂ ಜಗಳ. ನಾಲ್ಕೂ ಕಡೆ ನಾಲಿಗೆಯಿರುವ ಹಲಗೆಗೆ ತಯಾರಕರು ಇದರಲ್ಲಿ ಸ್ವಲ್ಪ ರಿಯಾಯಿತಿ ಕೊಟ್ಟಿರುತ್ತಾರೆ. ಒಂದು ಸಾಲಿನ ಕೂಡುಗೆರೆಗೂ ಮುಂದಿನ ಸಾಲಿನದಕ್ಕೂ ಕನಿಷ್ಠ 300 ಮಿ.ಮೀ. ಅಂತರವಿರಲಿ. ಮೂರು ನಾಲ್ಕು ಕಟ್ಟು ಒಟ್ಟಿಗೆ ಬಿಚ್ಚಿ ಬೆರೆಸಿ ಹಾಸಿ. ಇಲ್ಲದಿದ್ದರೆ ಒಂದು ಕಡೆ ಗೋಧಿಬಣ್ಣ, ಒಂದು ಕಡೆ ಬೆಲ್ಲದ ಬಣ್ಣವಾಗುತ್ತದೆ.

ಅಳತೆಯ ವಿಷಯದಲ್ಲಿ ಕೈಪಿಡಿಕಾರನ ಅನುಭವವೊಂದುಂಟು. ಎರಡು ಸಲ ಅಳೆದು ಒಂದು ಸಲ ಕತ್ತರಿಸಬೇಕೆಂಬುದು ಬಲ್ಲವರ ಮಾತು. ಅವನು ಒಂದು ಸಲ ಅಳೆದು ಎರಡು ಸಲ ಕತ್ತರಿಸಿದ, ಆದರೂ ಹಲಗೆ ಗಿಡ್ಡವೇ ಇತ್ತು. ಆರನೆಯ ಸಾಲಿಗೆ ಹೆಂಡತಿ ಚಹಾದ ಲೋಟ ಕೆಳಗಿಟ್ಟು, "ಟೇಪ್ ಇಲ್ಲೆ ಕೊಡ್ರಿ" ಎಂದಳು. ಅಲ್ಲಿಂದ ಮುಂದೆ ಹಲಗೆ ಹಾಳಾಗಲಿಲ್ಲ. ನಿಮ್ಮ ಮನೆಯಲ್ಲೂ ಹೀಗಾಗುವುದು ಖಚಿತವಿದ್ದರೆ ಮೊದಲ ಸಾಲಿಗೇ ಟೇಪು ಕೊಟ್ಟುಬಿಡಿ. ಐದು ಸಾಲಿನ ಓಕ್ ಉಳಿಯುತ್ತದೆ.

ಬಳಕೆ ಮತ್ತು ನಿರ್ವಹಣೆ

ಬೂಟು ಬಾಗಿಲಲ್ಲಿ ಬಿಡುವ ನಮ್ಮ ಪದ್ಧತಿಯಿಂದ ಈ ನೆಲಕ್ಕೆ ಆಯುಷ್ಯ ಹೆಚ್ಚು. ಬಕೆಟ್ಟಿನ ನೀರಿನಿಂದ ಅಷ್ಟೇ ಕಡಿಮೆ. ಊರಿನಿಂದ ಅವ್ವ ಬಂದಾಗ ಈ ಭಾಗವನ್ನು ಗಟ್ಟಿಯಾಗಿ ಓದಿ ಹೇಳಿ: ಮರದ ನೆಲವನ್ನು ನೀರು ಸುರಿದು ತೊಳೆಯುವಂತಿಲ್ಲ, ಹಿಂಡಿದ ಬಟ್ಟೆಯಿಂದ ಒರೆಸಬೇಕಷ್ಟೆ. ಅವ್ವ ಕೇಳಿಸಿಕೊಳ್ಳುತ್ತಾಳೆ. ಮರುದಿನ ಬೆಳಿಗ್ಗೆ ಐದಕ್ಕೆ ನೀವು ಏಳುವಷ್ಟರಲ್ಲಿ ನೆಲ ಹೊಳೆಯುತ್ತಿರುತ್ತದೆ, ಬಕೆಟ್ಟು ಖಾಲಿಯಿರುತ್ತದೆ. ನೀರು ಒಗ್ಗದ ನೆಲವನ್ನು ನೆಲವೆಂದು ಒಪ್ಪಿಕೊಳ್ಳಲು ಆಕೆಗೆ ಕಾಲ ಬೇಕು. ಮೇಲಿನ ಓಕ್ ಪದರ ದಪ್ಪವಿದ್ದರೆ ಉಜ್ಜಿ ಹೊಸದು ಮಾಡಲು ಮೂರು ನಾಲ್ಕು ಅವಕಾಶ ಸಿಗುತ್ತದೆ. ಅವ್ವನ ವೀಸಾ ಆರು ತಿಂಗಳದ್ದು.

ದೋಷ ಪತ್ತೆ

ನಡೆದರೆ ಕಿರ್ ಎನ್ನುತ್ತದೆ: ಹಲಗೆ ಜಂತಿಯಿಂದ ಕೂದಲೆಳೆಯಷ್ಟು ಎದ್ದಿದೆ, ಮೊಳೆಗೆ ಉಜ್ಜಿಕೊಳ್ಳುತ್ತಿದೆ. ಹಂತ 4ರಲ್ಲಿ ಚಕ್ಕೆ ಇಡಲು ಬೇಸರಿಸಿದ ಜಾಗ ಅದೇ ಎಂದು ನಿಮಗೆ ಗೊತ್ತಿದೆ.

ಚಳಿಗಾಲದಲ್ಲಿ ಸಂದು ಬಿಡುತ್ತದೆ: ಹೀಟರಿನ ಒಣಗಾಳಿಗೆ ಮರ ಕುಗ್ಗಿದೆ. ಬೇಸಿಗೆಯವರೆಗೆ ಕಾಯಿರಿ.

ಒಂದು ಮೂಲೆಯಲ್ಲಿ ನೀರಿನ ಸದ್ದು: ಎಚ್ಚರಿಕೆ ಎರಡನ್ನು ಓದಿಲ್ಲ. ಮೊದಲು ನೀರಿನ ಮುಖ್ಯ ನಲ್ಲಿ ತಿರುಗಿಸಿ, ಆಮೇಲೆ ಓದಿ.

ಕೊನೆಯ ಸಾಲು ಬಾಕಿ ಉಳಿದಿದೆ: ಎಲ್ಲರ ಮನೆಯಲ್ಲೂ ಉಳಿಯುತ್ತದೆ. ಯಂತ್ರವನ್ನು ಬಾಡಿಗೆ ಅಂಗಡಿಗೆ ಒಪ್ಪಿಸಿದ ದಿನವೇ ಹುರುಪನ್ನೂ ಒಪ್ಪಿಸಿ ಬಂದಿರುತ್ತೀರಿ. ಕೈಪಿಡಿಕಾರನ ಮನೆಯಲ್ಲಿ ಆರು ವಾರ ಉಳಿಯಿತು. ಆ ಸಂದಿಯ ಮುಂದೆ ಸೋಫಾ ಇತ್ತು.

ಹಂತ 8: ಕೊನೆಯ ಸಾಲು

ಕೊನೆಯ ಸಾಲನ್ನು ಉದ್ದಕ್ಕೆ ಸೀಳಿ, ತೋಡಿಗೆ ಅಂಟು ಹಚ್ಚಿ, ಎಳೆಯುವ ಕಬ್ಬಿಣದ ಕೊಕ್ಕೆಯಿಂದ ಬಿಗಿಯಾಗಿ ಸೇರಿಸಿ, ಅಂಚಿನಲ್ಲಿ ಸ್ಕ್ರೂ ಹಾಕಬೇಕು. ಅಷ್ಟೇ ಕೆಲಸ. ಆದರೆ ಅದಕ್ಕೂ ಮುಂಚೆ ಒಂದು ವಿಡಿಯೋ ಕರೆ ಬರುತ್ತದೆ.

ಫೋನನ್ನು ನೆಲದ ಉದ್ದಕ್ಕೂ ನಿಧಾನವಾಗಿ ಹಾಯಿಸಿ. ಅಪ್ಪ ನೋಡುತ್ತಾರೆ. ಮೊದಲ ಪ್ರಶ್ನೆ, "ಬಡಿಗ್ಯಾರ ಎಷ್ಟ ತೊಗೊಂಡ್ರು?"

"ಬಡಿಗ್ಯಾರ ಇಲ್ಲಪ್ಪಾ. ನಾವ ಮಾಡೇವಿ, ಇಬ್ಬರೂ."

ಅಪ್ಪ ಫೋನನ್ನು ಮುಖದ ಹತ್ತಿರ ತಂದುಕೊಂಡು, ಒಂದು ಕಣ್ಣು ಮುಚ್ಚುತ್ತಾರೆ. "ಆ ಮೂಲ್ಯಾಗ ಸ್ವಲ್ಪ ಡೊಂಕ ಕಾಣತದಲ್ಲೋ."

ಕಾಣುತ್ತದೆ. ಅದು ಐದನೆಯ ಸಾಲು. ಈ ಮಾತನ್ನು ಬೆನ್ನ ಹಿಂದಿನಿಂದ ಹೇಳುವುದು ಎಷ್ಟು ಸುಲಭ, ಮಂಡಿಯ ಮೇಲೆ ಕೂತು ಕೇಳುವುದು ಹೇಗಿರುತ್ತದೆ ಎಂಬ ವ್ಯತ್ಯಾಸ ಆಗ ಗೊತ್ತಾಗುತ್ತದೆ. ಉತ್ತರ ಕೊಡಬೇಡಿ. ಊರಿನ ನಮ್ಮ ಮನೆಯ ಜಂತಿ ಕೂಡಿಸಿದವನೂ ಕೊಟ್ಟಿರಲಿಲ್ಲ. ತಲೆ ತಗ್ಗಿಸಿ, ಹೌದ್ರೀ ಎಂದು, ಮತ್ತೊಮ್ಮೆ ಉಳಿ ಹಿಡಿದಿದ್ದ.

"ಅಪ್ಪಾ, ನಮ್ಮ ಮನಿ ಜಂತಿ ಮಾಡಿದಾಂವ ಯಾರು? ಹೆಸರೇನು ಅವಂದು?"

ಫೋನಿನಲ್ಲಿ ಅಪ್ಪನ ಹಣೆ ಮಾತ್ರ ಕಾಣುತ್ತದೆ. ಬಹಳ ಹೊತ್ತು ಯೋಚಿಸುತ್ತಾರೆ. ಆ ಜಂತಿಗಳನ್ನು ಅವರು ಹುಟ್ಟಿದಂದಿನಿಂದ ಎಣಿಸಿದ್ದಾರೆ, ಕೈಪಿಡಿಕಾರನೂ ಎಣಿಸಿದ್ದಾನೆ. ನಡುಮನೆಗೆ ಹದಿನಾಲ್ಕು, ಅಡುಗೆಮನೆಗೆ ಒಂಬತ್ತು. ಎಣಿಕೆ ಇಬ್ಬರಿಗೂ ತಪ್ಪಿಲ್ಲ.

"ಹೆಸರು..." ಎನ್ನುತ್ತಾರೆ ಕೊನೆಗೆ. "ಬಡಿಗ್ಯಾರಂವ ಅಂತಿದ್ವಿ. ಅಷ್ಟ."

ಕರೆ ಮುಗಿದ ಮೇಲೆ ಸೋಫಾ ಸರಿಸಿ. ಕೊನೆಯ ಹಲಗೆಯನ್ನು ಅಂಟು ಹಚ್ಚುವ ಮೊದಲು ಬೋರಲು ಹಾಕಿ. ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು, ಪ್ಲೈವುಡ್ಡಿನ ಮೇಲೆ ದಿನಾಂಕ ಬರೆಯಿರಿ. ಅದರಡಿ ಹೆಸರುಗಳನ್ನು ಬರೆಯಿರಿ, ಟೇಪು ಹಿಡಿದವಳದು ಮೊದಲು. ಕನ್ನಡದಲ್ಲೇ ಬರೆಯಿರಿ. ಮುಂದೆಂದೋ ಈ ಹಲಗೆ ಕೀಳುವವರಿಗೆ ಆ ಲಿಪಿ ಓದಲು ಬಾರದು. ಬಾರದಿದ್ದರೇನು, ಇದು ಯಾರ ಹೆಸರು ಎಂದು ಯಾರನ್ನಾದರೂ ಕೇಳಲಿ.

ನಂತರ ಹಲಗೆ ತಿರುಗಿಸಿ, ಅಂಟು ಹಚ್ಚಿ, ಎಳೆದು ಬಿಗಿಯಿರಿ. ಗೋಡೆಯ ಪಕ್ಕ 12 ಮಿ.ಮೀ. ಬಿಡುವುದನ್ನು ಮರೆಯಬೇಡಿ.